ನಲವತ್ತು ಗ್ರಾಂ ಎಂದು ಬರೆದಿತ್ತು

ಅವಳು ಎನರ್ಜಿ ಬಾರನ್ನು ಕಚ್ಚಿದಳು, ಅಗಿದಳು, ಕ್ಯಾಮೆರಾ ನೋಡಿ ಹಲ್ಲು ಕಾಣುವಂತೆ ನಕ್ಕಳು.

"ಕಟ್!"

ಮರುಕ್ಷಣವೇ ಸ್ಟೂಲಿನ ಪಕ್ಕದ ಪ್ಲಾಸ್ಟಿಕ್ ಬಕೆಟ್ಟಿಗೆ ಬಾಗಿ, ಬಾಯಲ್ಲಿದ್ದದ್ದನ್ನೆಲ್ಲ ಉಗಿದುಬಿಟ್ಟಳು.

ಅದು ಎಂಟನೇ ಸಲ.

ಜಾಹೀರಾತಿನ ಸ್ಟುಡಿಯೊದ ಬಾಗಿಲ ಬಳಿ ನಿಂತು ನೋಡುತ್ತಿದ್ದವನಿಗೆ ಇನ್ನು ತಡೆಯಲಾಗಲಿಲ್ಲ. ನೆಲದ ಮೇಲೆ ಹಾಸಿದ್ದ ವೈರುಗಳನ್ನು ದಾಟಿಕೊಂಡು ನೇರ ಅವಳ ಮುಂದೆ ಬಂದು ನಿಂತ.

"ಅಷ್ಟು ಕೆಟ್ಟದಾಗಿದ್ಯಾ?"

ಅವಳು ಬಾಯಿ ಒರೆಸಿಕೊಂಡು ತಲೆಯೆತ್ತಿದಳು. ಮೂವತ್ತೆರಡು ವಯಸ್ಸು, ಎರಡು ಸಲ ಮುರಿದು ಕೂಡಿದ ಮೂಗು, ಎಡ ಹುಬ್ಬಿನ ಮೇಲೆ ಹೊಲಿಗೆಯ ಗುರುತು. ತನ್ನ ತೂಕದ ವರ್ಗದಲ್ಲಿ ದೇಶಕ್ಕೆ ಎರಡನೆಯವಳಾದ ವೃತ್ತಿಪರ ಬಾಕ್ಸರ್.

"ನೀವ್ಯಾರು?"

"ಅದನ್ನ ಮಾಡಿದವನು. ನಮ್ಮಮ್ಮ ನಿಂತ ಕಾಲಲ್ಲೇ ಮೂರು ಗಂಟೆ ಬಾದಾಮಿ ಹುರಿದಿದ್ದಾರೆ. ನೀವು ನೋಡಿದ್ರೆ ಬಕೆಟ್ಟಿಗೆ..."

"ರುಚಿಯಾಗಿದೆ."

"ಏನು?"

"ತುಂಬಾ ರುಚಿಯಾಗಿದೆ. ಅದಕ್ಕೇ ಉಗೀತಿದ್ದೀನಿ. ಒಂದು ತುತ್ತು ನುಂಗಿದ್ರೆ ಕೈ ನಿಲ್ಲಲ್ಲ. ಏಳು ವಾರದಲ್ಲಿ ನಾಲ್ಕು ಕಿಲೋ ಇಳಿಸಬೇಕು ನಾನು. ಬೆಳಗ್ಗೆಯಿಂದ ನೀರು ಬಿಟ್ಟು ಬೇರೇನೂ ಹೊಟ್ಟೆಗೆ ಬಿದ್ದಿಲ್ಲ." ಅವಳು ಕಣ್ಣು ತೀಡಿಕೊಂಡಳು. "ಇನ್ನೇನಾದ್ರೂ ಬೈಯೋದಿದ್ರೆ ಬೇಗ ಬೈದುಬಿಡಿ, ಸಾಹುಕಾರ್ರೇ. ಒಂಬತ್ತನೇದು ಬಾಕಿ ಇದೆ."

ಅವನ ಕೋಪ ಜರ್ರನೆ ಇಳಿಯಿತು.

ಸಾಹುಕಾರ! ಟೈರ್ ಅಂಗಡಿಯ ಮೇಲಿನ ಮೂರು ಕೋಣೆ, ಒಂದು ಓವನ್, ಅಮ್ಮ ಮತ್ತು ನಾಲ್ವರು ಹೆಂಗಸರು... ಅಷ್ಟೇ ಅವನ ಕಾರ್ಖಾನೆ. ಬಾದಾಮಿ, ಖರ್ಜೂರ, ಓಟ್ಸ್ ಕಲಸಿ, ಹಲಗೆಯ ಮೇಲೆ ತಟ್ಟಿ, ಕೈಯಲ್ಲೇ ಕತ್ತರಿಸಿ ಪೊಟ್ಟಣ ಕಟ್ಟುತ್ತಿದ್ದರು. ಆ ಪೊಟ್ಟಣದ ಮೇಲೆ ಈ ಹುಡುಗಿಯ ಮುಖ ಹಾಕಲು ಹೊರಟಿದ್ದು ಅವನ ಬದುಕಿನ ಅತಿ ದೊಡ್ಡ ಧೈರ್ಯ.

"ನೀವು ನುಂಗೋ ಹಾಗೆ ಮಾಡಿದ್ರೆ?" ಎಂದ. "ಇಷ್ಟೇ ಅಂತ ಲೆಕ್ಕ ಹಾಕಿ, ದಿನಕ್ಕೆ ಇಷ್ಟು ಅಂತ?"

ಅವಳು ಮೊದಲ ಬಾರಿ ಕ್ಯಾಮೆರಾಕ್ಕಾಗಿ ಅಲ್ಲದೆ ನಕ್ಕಳು.

"ನಮ್ಮ ಮಾವನ್ನ ಕೇಳಿ. ನನ್ನ ಹೊಟ್ಟೆ ಅವರ ಸುಪರ್ದಿಯಲ್ಲಿದೆ."

* * *

ಮಾವ ಎಂದರೆ ಅವಳ ತಾಯಿಯ ತಮ್ಮ. ಅಪ್ಪ-ಅಮ್ಮ ತೀರಿಕೊಂಡಾಗ ಒಂಬತ್ತು ವರ್ಷದವಳಾಗಿದ್ದ ಅವಳನ್ನು ಸಾಕಿದವನು, ಕೈಗೆ ಗ್ಲವ್ಸ್ ತೊಡಿಸಿದವನು, ಈಗಲೂ ಅವಳ ಕೋಚ್. ಅವನು ಬಾರಿನ ಪೊಟ್ಟಣವನ್ನು ಕನ್ನಡಕದ ಹತ್ತಿರ ಹಿಡಿದು ಓದಿದ.

"ನಲವತ್ತು ಗ್ರಾಂ, ನೂರ ಎಪ್ಪತ್ತೆಂಟು ಕ್ಯಾಲೊರಿ. ಇದು ಒಳ್ಳೇದು ನೋಡು. ಮನೆ ಅಡುಗೆ ಅಂದ್ರೆ ಎಲ್ಲ ಅಂದಾಜು. ಇದರಲ್ಲಿ ಬರೆದಿಟ್ಟಿದ್ದಾರೆ."

ದಿನಕ್ಕೆ ನಾಲ್ಕು ಬಾರ್, ಸಂಜೆ ಒಂದೇ ಊಟ ಎಂದು ನಿಗದಿಯಾಯಿತು.

ಪ್ರತಿ ಸೋಮವಾರ ಅವನೇ ಪೆಟ್ಟಿಗೆ ಹೊತ್ತು ಜಿಮ್‌ಗೆ ಬರತೊಡಗಿದ. ಕೊಟ್ಟು ಹೋದರೆ ಆಗುತ್ತಿತ್ತು. ಆದರೆ ಹೋಗುತ್ತಿರಲಿಲ್ಲ. ರಿಂಗಿನ ಬದಿಯ ಬೆಂಚಿನ ಮೇಲೆ ಕೂತು ಅಭ್ಯಾಸ ನೋಡುತ್ತಿದ್ದ. ಅವಳಿಗೆ ಏಟು ಬಿದ್ದಾಗಲೆಲ್ಲ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

"ಏಟು ತಿನ್ನೋದು ನಾನು, ಕಣ್ಣು ಮುಚ್ಕೊಳೋದು ನೀವಾ?" ಅವಳು ಹಗ್ಗಕ್ಕೆ ಒರಗಿ ಕೇಳಿದಳು.

"ಅಭ್ಯಾಸ ಇಲ್ಲ."

"ಏಟಿನ ಅಭ್ಯಾಸನಾ?"

"ನೋಯುತ್ತೆ ಅಂತ ಗೊತ್ತಿದ್ದೂ ಸುಮ್ನೆ ಕೂರೋ ಅಭ್ಯಾಸ."

ಅವಳು ಗ್ಲವ್ಸಿನ ಪಟ್ಟಿ ಬಿಗಿದುಕೊಂಡು ರಿಂಗಿನ ನಡುವಿಗೆ ಮರಳಿದಳು. ಇಪ್ಪತ್ತಮೂರು ವರ್ಷದಿಂದ ಏಟು ತಿನ್ನುತ್ತಿದ್ದೇನೆ... ನೋಯುತ್ತಾ ಅಂತ ಯಾರಾದರೂ ಕೇಳಿದ್ದರಾ? ಮಾವ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಕೈ ಯಾಕೆ ಕೆಳಗಿಳಿಯಿತು?

ಮುಂದಿನ ಸೋಮವಾರಕ್ಕೆ ಇನ್ನೆಷ್ಟು ದಿನ ಎಂದು ಅವಳು ಬೆರಳು ಮಡಚುವುದು ಶುರುವಾಯಿತು.

ನಾಲ್ಕನೇ ವಾರದ ಕೊನೆಗೆ ಮಾವನ ಮುಖ ಬಿಗಿಯಿತು. ಅವಳ ತೂಕ ಇರಬೇಕಾದ್ದಕ್ಕಿಂತ ಮುನ್ನೂರು ಗ್ರಾಂ ಹೆಚ್ಚಿತ್ತು.

"ಪುಟ್ಟಿ, ನಿಜ ಹೇಳು. ಏನಾದ್ರೂ ತಿಂದ್ಯಾ?"

"ಇಲ್ಲ ಮಾವ."

"ಬೈಯಲ್ಲ, ಹೇಳು."

"ನಿಮ್ಮಾಣೆ ಇಲ್ಲ!"

ಮಾವ ಮನೆಯ ಅಡುಗೆಯನ್ನು ಅನುಮಾನಿಸಿದ. ಸಂಜೆಯ ಆ ಒಂದು ಊಟವನ್ನೂ ಪೂರ್ತಿ ನಿಲ್ಲಿಸಿ, ಅದರ ಜಾಗಕ್ಕೆ ಇನ್ನೆರಡು ಬಾರ್ ಸೇರಿಸಿದ. ಒಟ್ಟು ಆರು. ಅವನ ನಂಬಿಕೆ ಉಳಿದಿದ್ದು ಅಳತೆ ಬರೆದ ವಸ್ತುವಿನ ಮೇಲೆ ಮಾತ್ರ.

ಆದರೂ ತೂಕ ದಾರಿಗೆ ಬರಲಿಲ್ಲ. ಮಾವ ಅಡುಗೆಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

* * *

ತೂಕದ ದಿನ ಬೆಳಗ್ಗೆ ಹತ್ತು ಗಂಟೆ. ಮಿತಿ ಐವತ್ತೇಳು ಕಿಲೋ ನೂರೈವತ್ತು ಗ್ರಾಂ. ಮಾರನೇ ದಿನ ಚಾಂಪಿಯನ್ ಪಟ್ಟಕ್ಕೆ ಪಂದ್ಯ.

ಯಂತ್ರ ಐವತ್ತೇಳು ಕಿಲೋ ಆರುನೂರ ಮೂವತ್ತು ತೋರಿಸಿತು.

ಎರಡು ಗಂಟೆಯ ಅವಕಾಶ ಕೊಟ್ಟರು. ಪ್ಲಾಸ್ಟಿಕ್ ಬೆವರುಡುಪು ತೊಟ್ಟು, ಬಿಸಿಗಾಳಿಯ ಹೀಟರ್ ಹಚ್ಚಿದ ಕೋಣೆಯಲ್ಲಿ ಅವಳು ಹಗ್ಗ ಹಾರಿದಳು. ಮೊದಲ ಅರ್ಧ ಗಂಟೆ ಬೆವರು ಬಂತು. ಆಮೇಲೆ ಬರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಕಾಲು ಸೆಟೆದು ಬಿದ್ದಾಗ ಮಾವ ಎತ್ತಿ ನಿಲ್ಲಿಸಿದ. ಮತ್ತೆ ಹಾರಿದಳು.

ಹನ್ನೆರಡು ಗಂಟೆಗೆ ಮತ್ತೆ ಯಂತ್ರ ಹತ್ತಿದಾಗ ಅವಳ ಸುತ್ತ ಇಬ್ಬರು ಹೆಂಗಸರು ಟವೆಲ್ ಹಿಡಿದು ನಿಂತಿದ್ದರು. ಮೈಮೇಲೆ ಒಂದೆಳೆ ಬಟ್ಟೆಯೂ ಇರಲಿಲ್ಲ.

ಐವತ್ತೇಳು ಕಿಲೋ ಇನ್ನೂರ ತೊಂಬತ್ತು.

ನೂರ ನಲವತ್ತು ಗ್ರಾಂ ಹೆಚ್ಚು!

ಪಂದ್ಯ ರದ್ದಾಯಿತು.

ಮಾವ ಸಭಾಂಗಣದ ನಡುವೆ, ಪತ್ರಕರ್ತರ ಎದುರಿಗೇ ಕಿರುಚಿದ. "ದಿನಕ್ಕೆ ಆರು ಬಾರ್! ಆರು ನಲವತ್ತಲ ಇನ್ನೂರ ನಲವತ್ತು ಗ್ರಾಂ! ಅದರ ಮೇಲೆ ಒಂದು ಚೂರೂ ಕೊಟ್ಟಿಲ್ಲ ನಾನು. ಎಲ್ಲಿ ಕದ್ದು ತಿಂದ್ಯೇ? ಇಪ್ಪತ್ತಮೂರು ವರ್ಷ ನಾನು ಮಣ್ಣು ಹೊತ್ತಿದ್ದು ಇದಕ್ಕಾ?"

ಟವೆಲ್ ಸುತ್ತಿಕೊಂಡು ನಡುಗುತ್ತಿದ್ದ ಅವಳು ಜನರ ನಡುವೆ ಒಂದೇ ಮುಖ ಹುಡುಕಿದಳು. ಸಿಕ್ಕಿತು. ಪ್ರತಿ ಸೋಮವಾರ ಪೆಟ್ಟಿಗೆ ತರುತ್ತಿದ್ದವನು ಕಂಬದ ಪಕ್ಕ ನಿಂತಿದ್ದ.

ನೀವಾದರೂ ನಂಬ್ತೀರಲ್ವಾ?... ಕಣ್ಣಿನಲ್ಲೇ ಕೇಳಿದಳು.

ಅವನ ಮುಖ ಬಿಳಿಚಿಹೋಗಿತ್ತು. ಅವಳ ನೋಟವನ್ನು ಎದುರಿಸಲಾರದೆ ತಲೆ ತಗ್ಗಿಸಿದ. ಆಮೇಲೆ ತಿರುಗಿ, ಜನರನ್ನು ತಳ್ಳಿಕೊಂಡು ಹೊರಗೆ ನಡೆದುಬಿಟ್ಟ.

ಅವಳೊಳಗೆ ಏನೋ ಮುರಿಯಿತು. ಅದು ಮೂಗಿನ ಹಾಗೆ ಕೂಡುವಂಥದ್ದಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತು.

* * *

ಅವನು ಓಡಿದ್ದು ಟೈರ್ ಅಂಗಡಿಯ ಮೇಲಿನ ಕೋಣೆಗೆ.

ಅಮ್ಮ ಹಲಗೆಯ ಮುಂದೆ ಕೂತು ಬಾರ್ ಕತ್ತರಿಸುತ್ತಿದ್ದಳು. ಒಂದು ತುಂಡನ್ನು ತೂಕದ ಯಂತ್ರದ ಮೇಲಿಟ್ಟಳು. ನಲವತ್ತಮೂರು. ಮುಖ ಹುಳ್ಳಗೆ ಮಾಡಿಕೊಂಡು, ಇನ್ನೊಂದು ಚೂರು ಒತ್ತಿ ಸೇರಿಸಿದಳು. ನಲವತ್ತೈದು. ಸಮಾಧಾನವಾಯಿತು.

ಅವನು ಬಾಗಿಲಲ್ಲೇ ಕುಸಿದು ಕುಳಿತ.

ಇದು ಅವನಿಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಎರಡು ವರ್ಷದ ಹಿಂದೆ ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದು, ಪೊಟ್ಟಣದಲ್ಲಿ ಮೂವತ್ತೆಂಟು ಗ್ರಾಂ ಇದೆ ಎಂದು ನೋಟಿಸ್ ಕೊಟ್ಟಿದ್ದ. ಬಾರ್ ಪೊಟ್ಟಣದೊಳಗೇ ಒಣಗಿ ಒಂದೆರಡು ಗ್ರಾಂ ಕಳೆದುಕೊಳ್ಳುತ್ತದೆ. ಅಂದಿನಿಂದ ನಾಲ್ಕೈದು ಗ್ರಾಂ ಹೆಚ್ಚು ಹಾಕುವುದು ರೂಢಿಯಾಯಿತು. ಕೈಯಲ್ಲಿ ಕತ್ತರಿಸುವ ಸಣ್ಣ ತಯಾರಕರು ಹೆಚ್ಚಿನವರು ಹೀಗೇ ಮಾಡುತ್ತಾರೆ. ಹೆಚ್ಚು ಕೊಟ್ಟರು ಎಂದು ಯಾವ ಗಿರಾಕಿ ದೂರುತ್ತಾನೆ? ಎಷ್ಟು ಸಹಜವಾದ ಅಭ್ಯಾಸವೆಂದರೆ, ಅವಳ ಪೆಟ್ಟಿಗೆ ಕಟ್ಟುವಾಗ ಅದು ಅವನ ತಲೆಗೇ ಬಂದಿರಲಿಲ್ಲ.

ಆರು ನಲವತ್ತಲ ಇನ್ನೂರ ನಲವತ್ತು... ಅವಳ ಮಾವ ಕೂಗಿದಾಗಲೇ ಅದು ನೆನಪಿಗೆ ಬಂತು.

ಅದೂ ಅಲ್ಲದೆ ಅವಳ ಪೆಟ್ಟಿಗೆಗೆ ಒಣಗುವ ಸಮಯವೇ ಇರುತ್ತಿರಲಿಲ್ಲ. ಭಾನುವಾರ ಕತ್ತರಿಸಿದ್ದು, ಸೋಮವಾರ ಅವಳ ಕೈಯಲ್ಲಿ!

ನಾಲ್ಕು ವಾರ ದಿನಕ್ಕೆ ನಾಲ್ಕು, ಮೂರು ವಾರ ದಿನಕ್ಕೆ ಆರು. ಒಟ್ಟು ಇನ್ನೂರ ಮೂವತ್ತೆಂಟು ಬಾರ್. ಒಂದೊಂದರಲ್ಲೂ ನಾಲ್ಕೂವರೆ ಗ್ರಾಂ ಹೆಚ್ಚು. ಅವಳಿಗೆ ತಿಳಿಯದಂತೆ ಅವಳ ಹೊಟ್ಟೆಗೆ ಹೋದದ್ದು ಒಂದು ಕಿಲೋಗೂ ಮಿಕ್ಕಿದ ಆಹಾರ. ಅದಷ್ಟೂ ಮೈಗೆ ಹತ್ತುವುದಿಲ್ಲ, ನಿಜ. ಅರ್ಧದಷ್ಟು ಹತ್ತಿದರೂ ನೂರ ನಲವತ್ತು ಗ್ರಾಂ ಯಾವ ಲೆಕ್ಕ?

"ಯಾಕೋ ಮಗಾ, ಏನಾಯ್ತು?"

ಹೇಳಿದ.

ಅಮ್ಮ ಕೈಲಿದ್ದ ಚಾಕುವನ್ನು ಕೆಳಗಿಟ್ಟಳು. "ಅಯ್ಯೋ... ಪಾಪ ಸೊರಗಿದ್ದಾಳೆ ಅಂತ ಅವಳ ಪೆಟ್ಟಿಗೆಗೆ ಇನ್ನೂ ಧಾರಾಳ ಕೈ ಮಾಡ್ತಿದ್ನಲ್ಲೋ! ನನ್ನ ಕೈಯಾರೆ ಆ ಹುಡುಗಿ ಬಾಯಿಗೆ ಮಣ್ಣು ಹಾಕ್ದೆನಲ್ಲೋ!"

ಅವನು ಅವಳಿಗೆ ಫೋನ್ ಮಾಡಬೇಕಿತ್ತು. ಆ ಕ್ಷಣವೇ. ಮಾಡಲಿಲ್ಲ. ಮೊದಲು ಪುರಾವೆ ಸೇರಿಸುತ್ತೇನೆ ಎಂದು ಅಮ್ಮನಿಗೆ ಹೇಳಿದ. ಅದು ಅರ್ಧ ಸತ್ಯ. ಉಳಿದರ್ಧ ಹೆದರಿಕೆ. ನಾನೇ ನಿನ್ನನ್ನು ಮುಳುಗಿಸಿದೆ ಎಂದು ಅವಳ ಕಿವಿಗೆ ಹೇಳುವ ಧೈರ್ಯ ಅವನಿಗೆ ಇರಲಿಲ್ಲ.

* * *

ಮರುದಿನದ ಪತ್ರಿಕೆಗಳಲ್ಲಿ ಅವಳ ಸುದ್ದಿಗೆ "ಬಾಯಿಚಪಲಕ್ಕೆ ಪಟ್ಟ ಬಲಿ" ಎಂಬ ಶೀರ್ಷಿಕೆ ಇತ್ತು.

ಒಂಬತ್ತನೇ ದಿನಕ್ಕೆ ಬಾಕ್ಸಿಂಗ್ ಮಂಡಳಿಯ ವಿಚಾರಣೆ ಎಂದು ಪತ್ರ ಬಂತು. ನಿಯಮ ಸ್ಪಷ್ಟವಾಗಿತ್ತು: ಬಾಕ್ಸರಿನ ನಿರ್ಲಕ್ಷ್ಯದಿಂದ ತೂಕ ತಪ್ಪಿದ್ದರೆ ಒಂದು ವರ್ಷ ಲೈಸೆನ್ಸ್ ಅಮಾನತು. ಮೂವತ್ತೆರಡರಲ್ಲಿ ಒಂದು ವರ್ಷ ರಿಂಗಿನಿಂದ ಹೊರಗೆ ಎಂದರೆ ಮತ್ತೆ ಒಳಗೆ ಬರುವ ಮಾತೇ ಇಲ್ಲ.

ಮಾವ ಮಾತು ಬಿಟ್ಟಿದ್ದ. ಬಾಗಿಲ ಹೊರಗೆ ತಟ್ಟೆ ಇಟ್ಟು ಹೋಗುತ್ತಿದ್ದ. "ಈಗ ಎಷ್ಟು ಬೇಕಾದ್ರೂ ತಿನ್ನು" ಎಂದು ಒಂದೇ ಸಲ ಹೇಳಿದ್ದ.

ಬಾರ್ ಮಾಡುವವನಿಗೆ ಅವಳು ಹದಿನೇಳು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಐದನೇ ದಿನ ಬೀದಿ ತುದಿಯ ಅಂಗಡಿಗೆ ಸೋಪು ತರಲು ಹೋದಳು. ಅಂಗಡಿಯಾಕೆ ಕಪಾಟಿನಿಂದ ಅವಳ ಮುಖವಿದ್ದ ಪೊಟ್ಟಣಗಳನ್ನೆಲ್ಲ ತೆಗೆದು ಚೀಲಕ್ಕೆ ಸುರಿಯುತ್ತಿದ್ದಳು.

"ಯಾಕೆ ತೆಗೀತಿದ್ದೀರಿ?"

ಅಂಗಡಿಯಾಕೆ ಗುರುತು ಹಿಡಿದು ಮುಜುಗರಪಟ್ಟಳು. "ಕಂಪನಿಯವರೇ ಎಲ್ಲ ವಾಪಸ್ ತರಿಸ್ಕೊಳ್ತಿದ್ದಾರಮ್ಮ. ಒಂದೂ ಬಿಡದೆ ಅಂತ ಹೇಳಿ ಹೋದ್ರು. ಯಾಕೋ ಗೊತ್ತಿಲ್ಲ."

ಯಾಕೆಂದು ಅವಳಿಗೆ ಗೊತ್ತಾಯಿತು. ಗೊತ್ತಾಯಿತು ಎಂದುಕೊಂಡಳು. ನನ್ನ ಮುಖ ಈಗ ಅವನಿಗೆ ನಾಚಿಕೆ...

ಅವನು ವಾಪಸ್ ತರಿಸುತ್ತಿದ್ದದ್ದು ತೂಗಲಿಕ್ಕೆ. ಅದನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಅಂದಿನಿಂದ ಅವಳು ತನ್ನನ್ನೇ ಅನುಮಾನಿಸತೊಡಗಿದಳು. ತಿಂದಿಲ್ಲ ಎಂದು ನನಗೆ ಗೊತ್ತು. ಆದರೆ ಯಂತ್ರ ಸುಳ್ಳು ಹೇಳುವುದಿಲ್ಲ. ಮಾವ ಸುಳ್ಳು ಹೇಳುವುದಿಲ್ಲ. ಅವನೂ ತಲೆ ತಗ್ಗಿಸಿದ... ಎಲ್ಲರೂ ಸರಿ ಇದ್ದ ಮೇಲೆ ತಪ್ಪು ನನ್ನದೇ ಇರಬೇಕಲ್ಲವಾ? ನಿದ್ದೆಗಣ್ಣಲ್ಲಿ ಎದ್ದು ತಿಂದಿದ್ದರೆ?

ಮಲಗುವ ಮೊದಲು ತನ್ನ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಹೊಲಿಗೆಯ ದಾರ ಕಟ್ಟಿದಳು. ಬೆಳಗ್ಗೆ ಎದ್ದು ನೋಡಿದಳು. ದಾರ ಹಾಗೇ ಇತ್ತು. ಮಾರನೇ ದಿನವೂ ಕಟ್ಟಿದಳು. ಹಾಗೇ ಇತ್ತು.

ಆದರೂ ನಂಬಿಕೆ ಬರಲಿಲ್ಲ.

* * *

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಹಿಂದೆ ಮೂವರು. ನಡುವೆ ಕೂತಿದ್ದ ಅಧ್ಯಕ್ಷೆ ಹಳೆಯ ರೆಫರಿ. ಮಾತು ಚುಟುಕು.

"ಊಟದ ಜವಾಬ್ದಾರಿ ಯಾರದು?"

"ನಂದು," ಎಂದ ಮಾವ. "ಬೀಗ ಹಾಕಿ ಕೊಟ್ಟಿದ್ದೀನಿ. ಅದರ ಹೊರತಾಗಿ ಏನು ನಡೀತು ಅಂತ ಅವಳನ್ನೇ ಕೇಳಿ."

ಅಧ್ಯಕ್ಷೆ ಅವಳತ್ತ ತಿರುಗಿದಳು. "ಏನಮ್ಮ? ಬೇರೆ ಏನಾದ್ರೂ ತಿಂದ್ರಾ?"

ಅವಳಿಗೆ ಸುಸ್ತಾಗಿತ್ತು. ಹೌದು ಎಂದುಬಿಟ್ಟರೆ? ಮುಗಿದುಹೋಗುತ್ತದೆ. ಮಾವ ಮತ್ತೆ ಮಾತಾಡಿಸಬಹುದು. ತಪ್ಪು ಒಪ್ಪಿಕೊಂಡವಳನ್ನು ಜನ ಮರೆಯುತ್ತಾರೆ. ಇಲ್ಲ ಎನ್ನುವವಳ ಬೆನ್ನು ಬಿಡುವುದಿಲ್ಲ.

"ನಾನು..." ಎಂದಳು. "ಇರಬಹುದು. ನಾನೇ..."

"ಇಲ್ಲ!"

ಬಾಗಿಲಲ್ಲಿ ಅವನು ನಿಂತಿದ್ದ. ಒಂದು ಕಂಕುಳಲ್ಲಿ ತೂಕದ ಯಂತ್ರ, ಇನ್ನೊಂದು ಕೈಯಲ್ಲಿ ಚೀಲ. ಹಿಂದೆ ಏದುಸಿರು ಬಿಡುತ್ತ ಅಮ್ಮ. ಅವನನ್ನು ತಡೆಯಲು ಬಂದ ಸಿಬ್ಬಂದಿಗೆ ಆಕೆ, "ಸ್ವಲ್ಪ ಸರೀರಿ ಸ್ವಾಮಿ, ನಮ್ಮದೇ ತಪ್ಪು ಹೇಳೋಕೆ ಬಂದಿದ್ದೀವಿ, ಅದಕ್ಕೂ ಚೀಟಿ ಬೇಕಾ?" ಎನ್ನುತ್ತಿದ್ದಳು.

"ಯಾರು ನೀವು?" ಅಧ್ಯಕ್ಷೆ ಕೇಳಿದಳು.

"ಆ ಬಾರ್ ಮಾಡುವವನು. ಅವರು ತಿಂದಿಲ್ಲ. ನಾನು ತಿನ್ನಿಸಿದ್ದು."

ಯಂತ್ರವನ್ನು ಮೇಜಿನ ಮೇಲಿಟ್ಟ. ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ತೂಗಿದ. ನಲವತ್ತಮೂರು. ನಲವತ್ತನಾಲ್ಕು. ನಲವತ್ತಮೂರು. ಎಲ್ಲದರ ಮೇಲೂ ನಲವತ್ತು ಗ್ರಾಂ ಎಂದು ಬರೆದಿತ್ತು. ಅದರ ಪಕ್ಕದಲ್ಲಿ ಅವಳು ನಗುತ್ತಿದ್ದಳು.

"ಇವು ಅಂಗಡಿಯಲ್ಲಿ ಒಣಗಿದವು, ಅದಕ್ಕೆ ಇಷ್ಟೇ. ಅವರಿಗೆ ಹೋಗ್ತಿದ್ದದ್ದು ಹಿಂದಿನ ದಿನ ಕತ್ತರಿಸಿದ್ದು. ನಲವತ್ತೈದರವರೆಗೂ ಇರ್ತಿತ್ತು. ಯಾಕೆ ಹೆಚ್ಚು ಹಾಕ್ತಿದ್ವಿ ಅಂತಾನೂ ಬರೆದು ಸಹಿ ಮಾಡಿ ತಂದಿದ್ದೀನಿ."

ಅಧ್ಯಕ್ಷೆ ಇಪ್ಪತ್ತನೆಯದಕ್ಕೆ ಕೈಯೆತ್ತಿದಳು. "ಸಾಕು. ಇದು ಹೊರಗೆ ಹೋದ್ರೆ ನಿಮ್ಮ ಲೇಬಲ್ಲನ್ನ ಯಾರೂ ನಂಬಲ್ಲ. ಗೊತ್ತಿದ್ಯಾ?"

"ನಂಬಬಾರದು, ಮೇಡಂ."

ಮಾವ ಒಂದು ಪೊಟ್ಟಣ ಎತ್ತಿಕೊಂಡು ಕನ್ನಡಕದ ಹತ್ತಿರ ಹಿಡಿದ. ಓದಿದ. ಮತ್ತೆ ಓದಿದ. "ಪುಟ್ಟಿ..." ಎಂದ. ಇಷ್ಟು ವರ್ಷದಲ್ಲಿ ಮಾವ ಅಳುವುದನ್ನು ಅವಳು ನೋಡಿದ್ದು ಅದೇ ಮೊದಲು.

ತೀರ್ಪು ಅರ್ಧ ಗಂಟೆಯಲ್ಲಿ ಬಂತು. ನಿರ್ಲಕ್ಷ್ಯ ಸಾಬೀತಾಗಿಲ್ಲ. ಆದರೆ ತೂಕಕ್ಕೆ ಕೊನೆಯ ಹೊಣೆ ಬಾಕ್ಸರಿನದೇ. ಮೂರು ತಿಂಗಳು ಅಮಾನತು. ಪಟ್ಟದ ಪಂದ್ಯ ಬೇರೊಬ್ಬಳಿಗೆ ಹೋಗಿಯಾಗಿತ್ತು. ಅದು ಮತ್ತೆ ಬರುವ ಭರವಸೆಯನ್ನು ಯಾರೂ ಕೊಡಲಿಲ್ಲ.

* * *

ಅವನು ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದ. ಅಮ್ಮ ಆಟೋ ಹುಡುಕುವ ನೆಪ ಹೇಳಿ ಮಾವನನ್ನೂ ಎಳೆದುಕೊಂಡು ಬೀದಿಯ ಆಚೆ ಬದಿಗೆ ಹೋಗಿದ್ದಳು.

ಅವಳು ಬಂದು ಅವನ ಎದುರು ನಿಂತಳು.

"ಒಂಬತ್ತು ದಿನ," ಎಂದಳು.

"ಹ್ಞೂಂ."

"ನನ್ನ ಬಾಗಿಲಿಗೆ ನಾನೇ ದಾರ ಕಟ್ಟಿ ಮಲಗ್ತಿದ್ದೆ. ಕಳ್ಳಿ ಹೌದೋ ಅಲ್ವೋ ಅಂತ ನೋಡೋಕೆ! ಪಟ್ಟ ಹೋಯ್ತು, ಹೋಗ್ಲಿ. ಆ ನಾಲ್ಕೂವರೆ ಗ್ರಾಂನೂ ಕ್ಷಮಿಸ್ತೀನಿ, ಅದು ಕೈತಪ್ಪು. ಆದ್ರೆ ಒಂದು ಫೋನ್... ಒಂದೇ ಒಂದು ಫೋನ್ ಎತ್ತಿದ್ರೆ ನನಗೆ ಹುಚ್ಚು ಹಿಡಿದಿಲ್ಲ ಅಂತ ಗೊತ್ತಾಗ್ತಿತ್ತಲ್ವಾ?"

ಅವನು ಸಮರ್ಥನೆ ಕೊಡಲಿಲ್ಲ. "ಹೆದರಿದೆ," ಎಂದ. "ನಿಮ್ಮ ಬಾಯಿಂದ 'ನೀನಾ?' ಅಂತ ಕೇಳಿಸ್ಕೊಳೋಕೆ ಹೆದರಿದೆ. ನನ್ನ ಹೆದರಿಕೆಗೆ ನೀವು ಬೆಲೆ ತೆತ್ರಿ."

ಅವಳ ಮುಷ್ಟಿ ಬಿಗಿಯಿತು. ಅವನು ಅದನ್ನು ನೋಡಿದ. ಕಣ್ಣು ಮುಚ್ಚಲಿಲ್ಲ.

ಆ ಮುಷ್ಟಿ ನಿಧಾನವಾಗಿ ಸಡಿಲವಾಯಿತು.

"ಇನ್ನು ಮುಂದೆ ತಪ್ಪು ಮಾಡಿದ್ರೆ ಅವತ್ತೇ ಹೇಳ್ತೀರಾ?"

"ಅವತ್ತೇ."

"ನನಗೆ ಎಷ್ಟೇ ಸಿಟ್ಟು ಬಂದ್ರೂ?"

"ಬಂದ್ರೂ."

"ಹಾಗಾದ್ರೆ ಇವತ್ತಿನದು ಏನಾದ್ರೂ ಬಾಕಿ ಇದ್ರೆ ಹೇಳಿಬಿಡಿ."

ಅವನು ತಲೆಯೆತ್ತಿ ಅವಳ ಕಣ್ಣನ್ನೇ ನೋಡಿದ.

"ಒಂದಿದೆ. ನಿಮ್ಮನ್ನ ಪ್ರೀತಿಸ್ತೀನಿ. ಎರಡನೇ ಸೋಮವಾರದಿಂದ. ಇವತ್ತಿನವರೆಗೂ ಹೇಳಿಲ್ಲ... ಅದೂ ತಪ್ಪೇ."

ಅವಳು ನಗಲಿಲ್ಲ. ಆದರೆ ಒಂಬತ್ತು ದಿನದಿಂದ ಒಣಗಿದ್ದ ಕಣ್ಣುಗಳಿಂದ ಒಮ್ಮೆಲೇ ನೀರು ಇಳಿಯಿತು. ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ನಾನು ಇನ್ನೂ ಕ್ಷಮಿಸಿಲ್ಲ."

"ಗೊತ್ತು."

"ಬೇಗ ಆಗೋದೂ ಇಲ್ಲ."

"ಕಾಯ್ತೀನಿ." ಅವನು ಎದ್ದು, ಅವಳಿಗೆ ದಾರಿ ಬಿಟ್ಟು, ನಾಲ್ಕು ಮೆಟ್ಟಿಲು ಕೆಳಗಿಳಿದು ನಿಂತ.

ಅವಳು ಮೆಟ್ಟಿಲ ಮೇಲೆ ಕುಳಿತಳು. ಕೈಯಿಂದ ಪಕ್ಕದ ಜಾಗದ ಧೂಳು ಹೊಡೆದಳು.

"ಅಷ್ಟು ದೂರ ನಿಂತು ಕಾಯಬೇಡ," ಎಂದಳು. "ಇಲ್ಲಿ ಬಂದು ಕೂತ್ಕೋ."